ವ್ಲಾಡೆ ದಿವಾತ್ಸ್ ಅವರನ್ನು ಯಾವುದರಿಂದ ಅಳೆಯಬೇಕು?

ಅಂಕಣಪ್ರಿಯ ಬರೆದರು:

ಸರ್ಬಿಯಾದ ಬ್ಯಾಸ್ಕೆಟ್‌ಬಾಲ್ ಎಂದರೆ ಇಂದಿನ ಬಹುಪಾಲು ಓದುಗರಿಗೆ ನಿಕೋಲಾ ಯೋಕಿಚ್ ನೆನಪಾಗುತ್ತಾರೆ. ಆದರೆ ಯೋಕಿಚ್ ಹುಟ್ಟುವುದಕ್ಕೂ ಐದು ವರ್ಷ ಮೊದಲೇ ಅದೇ ನೆಲದ ಇನ್ನೊಬ್ಬ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ) ಆಟಗಾರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಅಂಕಣದಲ್ಲಿ ಚೆಂಡನ್ನು ತಲೆಯ ಮೇಲೆತ್ತಿ ಹಿಡಿದು, ಬುಟ್ಟಿಯ ಕಡೆ ಓಡುವ ಜೊತೆಗಾರನಿಗೆ ದಾಟಿಸುತ್ತಿದ್ದರು. ಅವರೇ 7 ಅಡಿ 1 ಅಂಗುಲ ಎತ್ತರದ ವ್ಲಾಡೆ ದಿವಾತ್ಸ್.

ಈ ಚರ್ಚೆಯನ್ನು ಆರಂಭಿಸಲು ಒಂದು ಕಾರಣವಿದೆ. ದಿವಾತ್ಸ್ ಅವರ ಹೆಸರು ಬಂದಾಗಲೆಲ್ಲ ಮಾತು ನಾಲ್ಕು ಘಟನೆಗಳ ಸುತ್ತಲೇ ತಿರುಗುತ್ತದೆ: 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಭಿಮಾನಿಯೊಬ್ಬನ ಕೈಯಿಂದ ಕ್ರೊಯೇಷಿಯಾದ ಬಾವುಟವನ್ನು ಕಿತ್ತುಕೊಂಡದ್ದು, 1996ರಲ್ಲಿ ಕೋಬಿ ಬ್ರಯಂಟ್‌ಗೆ ಪ್ರತಿಯಾಗಿ ವಿನಿಮಯಗೊಂಡದ್ದು, 2002ರ ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಸರಣಿಗಳಲ್ಲಿ) ತಟ್ಟಿ ಹೊರಗೆ ಕಳಿಸಿದ ಚೆಂಡು ನೇರವಾಗಿ ಎದುರಾಳಿ ಲೇಕರ್ಸ್ ತಂಡದ ರಾಬರ್ಟ್ ಹೋರಿಯ ಕೈ ಸೇರಿದ್ದು, ಮತ್ತು 2018ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆಯಲ್ಲಿ) ತಂಡದ ಆಡಳಿತಗಾರರಾಗಿ ಲೂಕಾ ಡೊಂಚಿಚ್ ಅವರನ್ನು ಆರಿಸದೆ ಬಿಟ್ಟದ್ದು. ಇವುಗಳಲ್ಲಿ ಮೊದಲನೆಯದು ಪಂದ್ಯ ಮುಗಿದ ಮೇಲೆ ನಡೆದದ್ದು. ಎರಡನೆಯದನ್ನು ತಂಡದ ಆಡಳಿತ ನಿರ್ಧರಿಸಿತು. ನಾಲ್ಕನೆಯದು ಅವರು ಆಟ ಬಿಟ್ಟು 13 ವರ್ಷವಾದ ನಂತರದ್ದು. ಆಟ ನಡೆಯುತ್ತಿದ್ದಾಗ ಘಟಿಸಿದ್ದು ಹೋರಿಯ ಕೈಗೆ ಹೋದ ಆ ಒಂದು ಚೆಂಡು ಮಾತ್ರ.

ಎನ್‌ಬಿಎಯಲ್ಲಿ ಅವರು ಆಡಿದ್ದು 1,134 ಪಂದ್ಯ, ಗಳಿಸಿದ್ದು 13,398 ಅಂಕ, 9,326 ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), 3,541 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್) ಮತ್ತು 1,631 ಬ್ಲಾಕ್ (ಎದುರಾಳಿಯ ಎಸೆತವನ್ನು ತಡೆಯುವುದು). 13,000 ಅಂಕ, 9,000 ರೀಬೌಂಡ್, 3,000 ಅಸಿಸ್ಟ್, 1,500 ಬ್ಲಾಕ್ ಈ ನಾಲ್ಕನ್ನೂ ದಾಟಿದವರನ್ನು ಬೆರಳೆಣಿಕೆಯಲ್ಲಿ ಹೇಳಿಬಿಡಬಹುದು. ಕರೀಂ ಅಬ್ದುಲ್ ಜಬ್ಬಾರ್, ಹಕೀಂ ಒಲಾಜುವಾನ್, ಟಿಮ್ ಡಂಕನ್ ಅಂಥವರು ಆ ಸಾಲಿನಲ್ಲಿದ್ದಾರೆ. ಹೀಗಿರುವಾಗ ದಿವಾತ್ಸ್ ಅವರನ್ನು ಅವರ ಆಟದಿಂದಲೇ, ಮುಖ್ಯವಾಗಿ ಅವರು ಕೊಟ್ಟ ಪಾಸ್‌ಗಳಿಂದಲೇ ಅಳೆಯಬೇಕು ಎಂಬುದು ನನ್ನ ವಾದ. ನಿಮ್ಮ ಅಭಿಪ್ರಾಯಗಳನ್ನು ವಿವರವಾಗಿ ಬರೆಯಿರಿ.

ಸಹ್ಯಾದ್ರಿ ಬರೆದರು:

ಆಟದಿಂದಲೇ ಅಳೆಯುವುದಾದರೆ ಅಮೆರಿಕದಿಂದ ಆರಂಭಿಸಿದರೆ ಸಾಲದು, ಅಂಕಣಪ್ರಿಯರೇ. ದಿವಾತ್ಸ್ ಹುಟ್ಟಿದ್ದು 1968ರ ಫೆಬ್ರವರಿ 3ರಂದು, ಸರ್ಬಿಯಾದ ನೈಋತ್ಯ ಭಾಗದಲ್ಲಿ ಲಿಮ್ ನದಿಯ ದಂಡೆಯಲ್ಲಿರುವ ಪ್ರಿಯೆಪೋಲ್ಯೆ ಎಂಬ ಸಣ್ಣ ಪಟ್ಟಣದಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟು ಕ್ರಾಲ್ಯೆವೊ ನಗರದ ಸ್ಲೋಗಾ ತಂಡ ಸೇರಿದರು. 1986ರಲ್ಲಿ ಬೆಲ್‌ಗ್ರೇಡ್‌ನ ಪಾರ್ಟಿಜಾನ್ ತಂಡಕ್ಕೆ ಹೋದರು. ಅಲ್ಲಿ ದುಷ್ಕೊ ವುಯೋಷೆವಿಚ್ ಅವರ ತರಬೇತಿಯಲ್ಲಿ ಅಲೆಕ್ಸಾಂಡರ್ ಜಾರ್ಜೆವಿಚ್, ಜಾರ್ಕೊ ಪಾಸ್ಪಾಲ್ಯ್ ಮುಂತಾದವರ ಜೊತೆ ಆಡಿ 1987ರಲ್ಲಿ ಯುಗೊಸ್ಲಾವಿಯಾದ (ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ ಮುಂತಾದ ಗಣರಾಜ್ಯಗಳು ಆಗ ಸೇರಿದ್ದ ದೇಶ) ಲೀಗ್ ಪ್ರಶಸ್ತಿಯನ್ನೂ 1989ರಲ್ಲಿ ಯುರೋಪಿನ ಕ್ಲಬ್‌ಗಳ ಕೊರಾಚ್ ಕಪ್ ಅನ್ನೂ ಗೆದ್ದರು.

ಆ ಮೊದಲ ವರ್ಷಗಳ ಎರಡು ಪಂದ್ಯಾವಳಿಗಳನ್ನು ಇಲ್ಲಿ ನೆನೆಯಲೇಬೇಕು. 1986ರ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್ ಪಂದ್ಯ ಮ್ಯಾಡ್ರಿಡ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ನಡೆಯಿತು. ಕೊನೆಯ ಒಂದು ನಿಮಿಷವೂ ಉಳಿದಿರದಾಗ ಯುಗೊಸ್ಲಾವಿಯಾ ಒಂಬತ್ತು ಅಂಕಗಳಿಂದ ಮುಂದಿತ್ತು. ಸೋವಿಯತ್ ಆಟಗಾರರು ಮೂರು ಅಂಕದ ಎಸೆತಗಳನ್ನು ಒಂದರ ಹಿಂದೊಂದು ಹಾಕುತ್ತಾ ಬಂದರು. ಅದರ ನಡುವೆ ಚೆಂಡನ್ನು ಸುಮ್ಮನೆ ಹಿಡಿದುಕೊಂಡಿದ್ದರೆ ಸಾಕಾಗಿದ್ದ ಹೊತ್ತಿನಲ್ಲಿ 18 ವರ್ಷದ ದಿವಾತ್ಸ್ ಡಬಲ್ ಡ್ರಿಬಲ್ ಮಾಡಿ (ಪುಟಿಸುವುದನ್ನು ನಿಲ್ಲಿಸಿದ ಮೇಲೆ ಮತ್ತೆ ಪುಟಿಸುವ ತಪ್ಪು) ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಯುಗೊಸ್ಲಾವಿಯಾ 91–90ರಿಂದ ಸೋತಿತು. ಆ ವಯಸ್ಸಿನ ಹುಡುಗನೊಬ್ಬ ಇಂಥ ಸೋಲಿನ ನಂತರ ಮುದುಡಿಹೋಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಮರುವರ್ಷವೇ, 1987ರಲ್ಲಿ, ಇಟಲಿಯ ಬೊರ್ಮಿಯೋದಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸ್ವೆತಿಸ್ಲಾವ್ ಪೆಷಿಚ್ ತರಬೇತಿ ನೀಡಿದ ಆ ತಂಡದಲ್ಲಿ ದಿವಾತ್ಸ್ ಜೊತೆಗೆ ಟೋನಿ ಕುಕೋಚ್, ಡಿನೋ ರಾಜಾ ಮತ್ತು ಜಾರ್ಜೆವಿಚ್ ಇದ್ದರು. ಅವರು ಒಂದೇ ಪಂದ್ಯಾವಳಿಯಲ್ಲಿ ಅಮೆರಿಕವನ್ನು ಎರಡು ಬಾರಿ ಸೋಲಿಸಿದರು. ಸರ್ಬಿಯಾ ಮತ್ತು ಕ್ರೊಯೇಷಿಯಾದ ಹುಡುಗರು ಒಂದೇ ಅಂಗಿ ತೊಟ್ಟು ಆಡಿದ ಆ ತಂಡವು ಒಟ್ಟಾಗಿ ಇನ್ನೂ ಹತ್ತು ವರ್ಷ ಆಡಿದ್ದರೆ ಜಗತ್ತಿನ ಬ್ಯಾಸ್ಕೆಟ್‌ಬಾಲ್ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ.

ನೀಲಾಂಬರಿ ಬರೆದರು:

ಸಹ್ಯಾದ್ರಿಯವರ ಮಾತಿನ ಎಳೆಯನ್ನು ಹಿಡಿದು ಲೇಕರ್ಸ್ ಕಾಲದ ಬಗ್ಗೆ ಸ್ವಲ್ಪ ಬರೆಯುತ್ತೇನೆ. 1989ರಲ್ಲಿ ಅಬ್ದುಲ್ ಜಬ್ಬಾರ್ ನಿವೃತ್ತರಾದರು. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಲೇಕರ್ಸ್ ತಂಡ 26ನೇ ಆಯ್ಕೆಯಾಗಿ ದಿವಾತ್ಸ್ ಅವರನ್ನು ಪಡೆಯಿತು. ಇಂಗ್ಲಿಷ್ ಅಷ್ಟಾಗಿ ಬಾರದ 21 ವರ್ಷದ ಯುವಕ, ಎನ್‌ಬಿಎ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅತಿ ಹೆಚ್ಚು ಅಂಕ ಗಳಿಸಿದ್ದ ಆಟಗಾರ ತೆರವು ಮಾಡಿದ ಜಾಗಕ್ಕೆ ಬಂದು ನಿಂತ ಸಂದರ್ಭ ಅದು. ಮೊದಲ ವರ್ಷವೇ ಅವರು ಹೊಸಬರ ಶ್ರೇಷ್ಠ ತಂಡಕ್ಕೆ ಆಯ್ಕೆಯಾದರು. ಎರಡನೆಯ ವರ್ಷ ಮ್ಯಾಜಿಕ್ ಜಾನ್ಸನ್ ಜೊತೆ 1991ರ ಫೈನಲ್ ಸರಣಿ ಆಡಿದರು. ಅದನ್ನು ಮೈಕಲ್ ಜೋರ್ಡನ್‌ನ ಬುಲ್ಸ್ 4–1ರಿಂದ ಗೆದ್ದಿತು.

ಅದೇ 1989ರ ಋತುವಿನಲ್ಲಿ ಕ್ರೊಯೇಷಿಯಾದ ದ್ರಾಜೆನ್ ಪೆಟ್ರೊವಿಚ್ ಪೋರ್ಟ್‌ಲ್ಯಾಂಡ್‌ಗೆ, ಪಾಸ್ಪಾಲ್ಯ್ ಸ್ಯಾನ್ ಆಂಟೋನಿಯೋಗೆ, ಶರೂನಾಸ್ ಮಾರ್ಚ್ಯುಲಿಯೋನಿಸ್ ಗೋಲ್ಡನ್ ಸ್ಟೇಟ್‌ಗೆ, ಅಲೆಕ್ಸಾಂಡರ್ ವೋಲ್ಕೊವ್ ಅಟ್ಲಾಂಟಾಗೆ ಬಂದರು. ಯುರೋಪಿನ ಆಟಗಾರರು ಮೆತ್ತಗಿನವರು, ಮೈಗೆ ಮೈ ತಾಗುವ ಆಟಕ್ಕೆ ಆಗುವುದಿಲ್ಲ ಎಂಬ ಮಾತು ಆಗ ಅಮೆರಿಕದಲ್ಲಿ ಬಲವಾಗಿತ್ತು. 1994–95ರಲ್ಲಿ ಪಂದ್ಯವೊಂದಕ್ಕೆ ಸರಾಸರಿ 16 ಅಂಕ, 10.4 ರೀಬೌಂಡ್ ಮತ್ತು ನಾಲ್ಕಕ್ಕೂ ಹೆಚ್ಚು ಅಸಿಸ್ಟ್ ನೀಡಿದ ದಿವಾತ್ಸ್ ಆ ಮಾತಿಗೆ ಆಟದಲ್ಲೇ ಉತ್ತರ ಕೊಟ್ಟರು. ಮುಂದೆ, ಅಮೆರಿಕದ ಹೊರಗೆ ಹುಟ್ಟಿ ಅಲ್ಲಿಯೇ ಪಳಗಿ ಬಂದವರಲ್ಲಿ ಎನ್‌ಬಿಎಯಲ್ಲಿ ಸಾವಿರ ಪಂದ್ಯ ದಾಟಿದ ಮೊದಲಿಗರೂ ಅವರೇ ಆದರು.

ಕಾವೇರಿತೀರ ಬರೆದರು:

ಅಂಕಣಪ್ರಿಯರೇ, ಬಾವುಟದ ಘಟನೆ ಪಂದ್ಯ ಮುಗಿದ ಮೇಲೆ ನಡೆದದ್ದು ಎಂಬ ಕಾರಣಕ್ಕೆ ಅದನ್ನು ಅವರ ವೃತ್ತಿಜೀವನದಿಂದ ಹೊರಗಿಡಲು ನಾನು ಒಪ್ಪುವುದಿಲ್ಲ. ಅದು ಅವರ ಆಟದ ಬದುಕನ್ನು ಎರಡಾಗಿ ಸೀಳಿತು.

1990ರ ಆಗಸ್ಟ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಯುಗೊಸ್ಲಾವಿಯಾ ಸೋವಿಯತ್ ಒಕ್ಕೂಟವನ್ನು 92–75ರಿಂದ ಸೋಲಿಸಿತು. ಜನ ಅಂಕಣಕ್ಕೆ ನುಗ್ಗಿದಾಗ ಒಬ್ಬನ ಕೈಯಲ್ಲಿ ಕ್ರೊಯೇಷಿಯಾದ ಬಾವುಟವಿತ್ತು. ದಿವಾತ್ಸ್ ಅದನ್ನು ಕಿತ್ತುಕೊಂಡರು. ಇದು ಎಲ್ಲರೂ ಸೇರಿ ಗೆದ್ದ ಗೆಲುವು, ಇಲ್ಲಿ ಒಂದು ಗಣರಾಜ್ಯದ ಬಾವುಟಕ್ಕೆ ಜಾಗವಿಲ್ಲ ಎಂಬುದಷ್ಟೇ ತಮ್ಮ ಮನಸ್ಸಿನಲ್ಲಿತ್ತು, ಸರ್ಬಿಯಾದ ಬಾವುಟವಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ ಎಂದು ಅವರು ಆಮೇಲೆ ಅನೇಕ ಬಾರಿ ವಿವರಿಸಿದ್ದಾರೆ. ಆದರೆ ಅದೇ ವಾರ ಕ್ರೊಯೇಷಿಯಾದ ಕ್ನಿನ್ ಪಟ್ಟಣದ ಸುತ್ತಲಿನ ಸರ್ಬರು ರಸ್ತೆಗಳಿಗೆ ಮರದ ದಿಮ್ಮಿಗಳನ್ನು ಅಡ್ಡಹಾಕಿ ಜಾಗ್ರೆಬ್‌ನ ಸರ್ಕಾರದ ವಿರುದ್ಧ ದಂಗೆಯೆದ್ದಿದ್ದರು. ಅಂಥ ಹೊತ್ತಿನಲ್ಲಿ ಒಬ್ಬ ಸರ್ಬ್ ಆಟಗಾರ ಕ್ರೊಯೇಷಿಯಾದ ಬಾವುಟಕ್ಕೆ ಕೈ ಹಾಕಿದ್ದು ಬೆಲ್‌ಗ್ರೇಡ್‌ನಲ್ಲಿ ಒಂದು ರೀತಿ, ಜಾಗ್ರೆಬ್‌ನಲ್ಲಿ ಇನ್ನೊಂದು ರೀತಿ ಕಂಡಿತು.

ದಿವಾತ್ಸ್ ಮತ್ತು ಪೆಟ್ರೊವಿಚ್ ರಾಷ್ಟ್ರೀಯ ತಂಡದಲ್ಲಿ ಒಂದೇ ಕೋಣೆಯಲ್ಲಿ ಉಳಿಯುತ್ತಿದ್ದವರು. ಎನ್‌ಬಿಎಯ ಮೊದಲ ವರ್ಷ ಪೋರ್ಟ್‌ಲ್ಯಾಂಡ್‌ನಲ್ಲಿ ಹೆಚ್ಚಿನ ಹೊತ್ತು ಬೆಂಚಿನ ಮೇಲೆಯೇ ಕಳೆಯಬೇಕಾಗಿದ್ದ ಪೆಟ್ರೊವಿಚ್‌ಗೆ ಫೋನಿನಲ್ಲಿ ಧೈರ್ಯ ಹೇಳುತ್ತಿದ್ದವರು ದಿವಾತ್ಸ್. ಬಾವುಟದ ಘಟನೆಯ ನಂತರ, ಯುದ್ಧ ಹಬ್ಬುತ್ತಾ ಹೋದಂತೆ, ಪೆಟ್ರೊವಿಚ್ ಅವರೊಡನೆ ಮಾತು ಬಿಟ್ಟರು. 1993ರ ಜೂನ್ 7ರಂದು ಜರ್ಮನಿಯಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಪೆಟ್ರೊವಿಚ್ ತೀರಿಕೊಂಡಾಗ ಅವರಿಗೆ ಕೇವಲ 28 ವರ್ಷ. ಅವರಿಬ್ಬರ ನಡುವಿನ ಮಾತು ಹಾಗೆಯೇ ನಿಂತುಹೋಯಿತು. 2010ರಲ್ಲಿ ಬಂದ ಸಾಕ್ಷ್ಯಚಿತ್ರವೊಂದಕ್ಕಾಗಿ ದಿವಾತ್ಸ್ ಜಾಗ್ರೆಬ್‌ಗೆ ಹೋಗಿ, ಪೆಟ್ರೊವಿಚ್ ಅವರ ತಾಯಿಯನ್ನು ಕಂಡು, ಮಿರೊಗೋಯ್ ಸ್ಮಶಾನದಲ್ಲಿ ಗೆಳೆಯನ ಸಮಾಧಿಯ ಮುಂದೆ ನಿಂತರು. ಆ ತಾಯಿಯ ಎದುರು ಕುಳಿತ ದಿವಾತ್ಸ್ ಅವರ ಮುಖವನ್ನು ನೋಡಿದ ಯಾರಿಗೂ ಈ ಘಟನೆಯನ್ನು ಆಟದ ಲೆಕ್ಕದಿಂದ ಹೊರಗಿಡಬಹುದು ಎಂದು ಅನ್ನಿಸುವುದಿಲ್ಲ.

ತುಂಗಭದ್ರೆ ಬರೆದರು:

ಕಾವೇರಿತೀರ ಅವರ ಬರಹ ನ್ಯಾಯವಾಗಿದೆ, ಆದರೂ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಈ ಕಥೆಯನ್ನು ನಾವು ಕೇಳಿರುವುದು ಬಹುಮಟ್ಟಿಗೆ ಬದುಕುಳಿದವರ ಬಾಯಿಂದ. ಪೆಟ್ರೊವಿಚ್ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಲು ಉಳಿಯಲಿಲ್ಲ. ಕ್ರೊಯೇಷಿಯಾದ ಅನೇಕರಿಗೆ ದಿವಾತ್ಸ್ ಅವರ ವಿವರಣೆ ಇಂದಿಗೂ ಸಮಾಧಾನ ತಂದಿಲ್ಲ ಎಂಬುದನ್ನು ನಾವು ಗೌರವದಿಂದಲೇ ಕಾಣಬೇಕು.

ಯುಗೊಸ್ಲಾವಿಯಾ ತಂಡ ಒಡೆದದ್ದೂ ಆ ಬಾವುಟದಿಂದಲೇ ಎಂದು ಯಾರಾದರೂ ಭಾವಿಸಿದರೆ ಅದು ಮಾತ್ರ ಸರಿಯಲ್ಲ. 1991ರ ಜೂನ್‌ನಲ್ಲಿ ರೋಮ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯುತ್ತಿದ್ದಾಗಲೇ ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಸ್ಲೊವೇನಿಯಾದ ಯೂರೆ ಜ್ದೊವ್ತ್ಸ್ ಪಂದ್ಯಾವಳಿಯ ನಡುವೆಯೇ ತಂಡವನ್ನು ಬಿಟ್ಟು ಹೊರಡಬೇಕಾಯಿತು. ಉಳಿದವರು, ಕ್ರೊಯೇಷಿಯಾದ ಕುಕೋಚ್ ಮತ್ತು ರಾಜಾ ಸೇರಿದಂತೆ, ದಿವಾತ್ಸ್ ಜೊತೆ ಆಡಿ ಚಿನ್ನ ಗೆದ್ದರು. 1992ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ನಿರ್ಬಂಧ ಬಂದು ಬಾರ್ಸಿಲೋನಾ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು. ಅಲ್ಲಿ ಅಮೆರಿಕದ ಡ್ರೀಮ್ ಟೀಮ್ ಎದುರು ಫೈನಲ್ ಆಡಿದ್ದು ಪೆಟ್ರೊವಿಚ್‌ನ ಕ್ರೊಯೇಷಿಯಾ. ಯುಗೊಸ್ಲಾವಿಯಾ (ಆಗ ಸರ್ಬಿಯಾ ಮತ್ತು ಮಾಂಟೆನೆಗ್ರೊ ಮಾತ್ರ) ಮರಳಿದ್ದು 1995ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ, ಅಥೆನ್ಸ್‌ನಲ್ಲಿ. ಫೈನಲ್‌ನಲ್ಲಿ ಲಿಥುವೇನಿಯಾದ ವಿರುದ್ಧ 96–90ರ ಗೆಲುವು, ಅದರಲ್ಲಿ ಜಾರ್ಜೆವಿಚ್ ಒಬ್ಬರದೇ 41 ಅಂಕ. ಪದಕ ನೀಡುವ ಹೊತ್ತಿಗೆ ಕಂಚು ಪಡೆದ ಕ್ರೊಯೇಷಿಯಾದ ಆಟಗಾರರು ವೇದಿಕೆಯಿಂದ ಇಳಿದು ಹೊರಟುಹೋದರು. ಬೊರ್ಮಿಯೋದಲ್ಲಿ ದಿವಾತ್ಸ್ ಜೊತೆ ಆಡಿದವರೂ ಅವರ ನಡುವೆ ಇದ್ದರು.

ಮಲೆನಾಡಿಗ ಬರೆದರು:

ಕೋಬಿ ವಿನಿಮಯದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಅದರ ಒಳಗಿನ ಲೆಕ್ಕವನ್ನು ವಿವರಿಸುತ್ತೇನೆ. 1996ರ ಬೇಸಿಗೆಯಲ್ಲಿ ಲೇಕರ್ಸ್‌ನ ಹಿರಿಯ ಆಡಳಿತಗಾರ ಜೆರ್ರಿ ವೆಸ್ಟ್ ಅವರ ಮುಂದೆ ಎರಡು ಗುರಿಗಳಿದ್ದವು: ಶಕೀಲ್ ಓನೀಲ್ ಅವರನ್ನು ಕರೆತರುವುದು ಮತ್ತು ಶಾಲೆ ಮುಗಿಸಿ ನೇರವಾಗಿ ಡ್ರಾಫ್ಟ್‌ಗೆ ಬಂದ 17 ವರ್ಷದ ಬ್ರಯಂಟ್ ಅವರನ್ನು ಪಡೆಯುವುದು. ಎನ್‌ಬಿಎಯಲ್ಲಿ ತಂಡವೊಂದು ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮೊತ್ತಕ್ಕೆ ಮಿತಿಯಿದೆ. ದಿವಾತ್ಸ್ ಅವರನ್ನು ಷಾರ್ಲೆಟ್ ತಂಡಕ್ಕೆ ಕೊಟ್ಟು ಪ್ರತಿಯಾಗಿ 13ನೇ ಆಯ್ಕೆಯ ಹಕ್ಕನ್ನಷ್ಟೇ ಪಡೆದರೆ ಅವರ ಸಂಬಳದಷ್ಟು ಜಾಗ ಖಾಲಿಯಾಗುತ್ತದೆ. ಓನೀಲ್ ಅವರಿಗೆ ಏಳು ವರ್ಷಕ್ಕೆ ಸುಮಾರು 12 ಕೋಟಿ ಡಾಲರ್ ನೀಡಲು ಆ ಜಾಗ ಬೇಕಾಗಿತ್ತು.

ದಿವಾತ್ಸ್ ಮೊದಲು ಒಪ್ಪಲಿಲ್ಲ. ಲಾಸ್ ಏಂಜಲೀಸ್ ಬಿಡುವುದಕ್ಕಿಂತ ಆಟವನ್ನೇ ಬಿಡುತ್ತೇನೆ ಎಂದರು. ಅವರು ಹಟ ಹಿಡಿದು ನಿಂತಿದ್ದರೆ ಆ ವಿನಿಮಯವೇ ಮುರಿದುಬೀಳುತ್ತಿತ್ತು. ಕೆಲವು ದಿನಗಳ ಮಾತುಕತೆಯ ನಂತರ ಒಪ್ಪಿದರು. ಲೇಕರ್ಸ್ ಮುಂದೆ 2000ದಿಂದ 2002ರವರೆಗೆ ಗೆದ್ದ ಮೂರು ಪ್ರಶಸ್ತಿಗಳ ಹಿಂದೆ ಆ ಒಪ್ಪಿಗೆಯಿದೆ. ಆ ಪ್ರಶಸ್ತಿಗಳ ಹಾದಿಯಲ್ಲಿ ಮೂರೂ ವರ್ಷ ಲೇಕರ್ಸ್ ಸೋಲಿಸಿದ ತಂಡಗಳಲ್ಲಿ ದಿವಾತ್ಸ್ ಆಡುತ್ತಿದ್ದ ಸ್ಯಾಕ್ರಮೆಂಟೊ ಕಿಂಗ್ಸ್ ಸಹ ಒಂದು ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ದೂರದೂರಿನವ ಬರೆದರು:

ಕೆಲಸದ ನಿಮಿತ್ತ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನಗೆ ಸ್ಯಾಕ್ರಮೆಂಟೊದ ಹಳೆಯ ಅಭಿಮಾನಿಗಳ ಪರಿಚಯ ಹೆಚ್ಚು. ಅವರ ಮಾತಿನಲ್ಲಿ ಆ ತಂಡದ ಕಥೆ 1999ರಿಂದ ಆರಂಭವಾಗುತ್ತದೆ. ಷಾರ್ಲೆಟ್‌ನಲ್ಲಿ ಎರಡು ಋತು ಕಳೆದ ದಿವಾತ್ಸ್ ಬಂದರು, ಕ್ರಿಸ್ ವೆಬರ್ ಬಂದರು, ಜೇಸನ್ ವಿಲಿಯಮ್ಸ್ ಮತ್ತು ಪೇಜಾ ಸ್ಟೊಯಾಕೊವಿಚ್ ಬಂದರು. ರಿಕ್ ಆಡೆಲ್ಮನ್ ತರಬೇತುದಾರರಾದರು, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಸ್ ಆಧಾರಿತ ಆಟವನ್ನು ಬೆಳೆಸಿದ್ದ ಪೀಟ್ ಕ್ಯಾರಿಲ್ ಆಗಲೇ ಅಲ್ಲಿ ಸಹಾಯಕ ತರಬೇತುದಾರರಾಗಿದ್ದರು.

ಆ ಆಟದ ಕ್ರಮವನ್ನು ಹೇಳದಿದ್ದರೆ ದಿವಾತ್ಸ್ ಅರ್ಥವಾಗುವುದಿಲ್ಲ. ಸಾಮಾನ್ಯವಾಗಿ ಸೆಂಟರ್ ಬುಟ್ಟಿಯ ಬುಡದಲ್ಲಿ ಬೆನ್ನು ಕೊಟ್ಟು ನಿಂತು ಚೆಂಡು ಕೇಳುತ್ತಾನೆ. ಕಿಂಗ್ಸ್ ತಂಡದಲ್ಲಿ ದಿವಾತ್ಸ್ ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಎಸೆತ) ಗೆರೆಯ ಮೂಲೆಗೆ ಬಂದು ನಿಲ್ಲುತ್ತಿದ್ದರು. ಅವರನ್ನು ಕಾಯಬೇಕಾದ ಎದುರಾಳಿ ಸೆಂಟರ್ ಸಹ ಬುಟ್ಟಿಯನ್ನು ಬಿಟ್ಟು ಹೊರಗೆ ಬರಲೇಬೇಕಾಗುತ್ತಿತ್ತು, ಏಕೆಂದರೆ ಬಿಟ್ಟರೆ ಅವರು ಅಲ್ಲಿಂದಲೇ ಎಸೆದು ಅಂಕ ಗಳಿಸುತ್ತಿದ್ದರು. ಬುಟ್ಟಿಯ ಮುಂದೆ ತೆರೆದ ಆ ಜಾಗಕ್ಕೆ ಕಾವಲುಗಾರನ ಬೆನ್ನ ಹಿಂದಿನಿಂದ ಒಬ್ಬ ನುಗ್ಗಿದರೆ ದಿವಾತ್ಸ್ ಅವರ ಚೆಂಡು ಪುಟಿದು ಅವನ ಕೈ ಸೇರಿರುತ್ತಿತ್ತು. ತೊಟ್ಟಿಮನೆಯ ಕೋಣೆಗಳೆಲ್ಲ ನಡುವಿನ ತೊಟ್ಟಿಗೆ ಬಾಗಿಲು ತೆರೆಯುವಂತೆ ಐವರ ದಾರಿಗಳೂ ಅವರ ಮೂಲಕವೇ ಹಾದುಹೋಗುತ್ತಿದ್ದವು. 2003–04ರಲ್ಲಿ, 36ನೇ ವಯಸ್ಸು ತುಂಬಿದ ಋತುವಿನಲ್ಲಿ, ಅವರ ಸರಾಸರಿ ಪಂದ್ಯಕ್ಕೆ 5.3 ಅಸಿಸ್ಟ್‌ಗೆ ಏರಿತು. ಅದು ಅವರ ಇಡೀ ಎನ್‌ಬಿಎ ಬದುಕಿನ ಗರಿಷ್ಠ.

ಇನ್ನು 2002ರ ಆ ಚೆಂಡು. ಆ ಋತುವಿನಲ್ಲಿ ಕಿಂಗ್ಸ್ 61 ಪಂದ್ಯ ಗೆದ್ದಿತ್ತು. ಲೇಕರ್ಸ್ ವಿರುದ್ಧದ ಸರಣಿಯಲ್ಲಿ 2–1ರಿಂದ ಮುಂದಿತ್ತು. ಮೇ 26ರ ನಾಲ್ಕನೆಯ ಪಂದ್ಯದಲ್ಲಿ ಒಂದು ಹಂತದಲ್ಲಿ 24 ಅಂಕಗಳಷ್ಟು ಮುಂದಿತ್ತು. ಕೊನೆಯ ಕ್ಷಣಗಳಲ್ಲಿ ಕಿಂಗ್ಸ್ 99–97ರಿಂದ ಮುಂದಿತ್ತು. ಬ್ರಯಂಟ್ ಎಸೆತ ತಪ್ಪಿತು, ಓನೀಲ್ ಎಸೆತ ತಪ್ಪಿತು, ದಿವಾತ್ಸ್ ಚೆಂಡನ್ನು ಬುಟ್ಟಿಯಿಂದ ದೂರಕ್ಕೆ ತಟ್ಟಿದರು. ಗಡಿಯಾರದಲ್ಲಿ ಉಳಿದ ಕ್ಷಣಗಳು ಮುಗಿಯುವಂತೆ ಚೆಂಡನ್ನು ಹೊರಗೆ ದಬ್ಬುವುದು ಆ ಕ್ಷಣದಲ್ಲಿ ಯಾವುದೇ ಸೆಂಟರ್ ಮಾಡಬೇಕಾದ ಕೆಲಸ. ಅದು ಹೋರಿ ನಿಂತಲ್ಲಿಗೇ ಹೋಯಿತು, ಅವರು ಮೂರು ಅಂಕದ ಎಸೆತ ಹಾಕಿದರು, ಲೇಕರ್ಸ್ 100–99ರಿಂದ ಗೆದ್ದಿತು. ಐದನೆಯ ಪಂದ್ಯವನ್ನು ಕಿಂಗ್ಸ್ ಗೆದ್ದಿತು. ಆರನೆಯ ಪಂದ್ಯದ ಕೊನೆಯ ಕಾಲು ಭಾಗದಲ್ಲಿ ಲೇಕರ್ಸ್‌ಗೆ 27 ಫ್ರೀ ಥ್ರೋ ಸಿಕ್ಕವು, ದಿವಾತ್ಸ್ ಆರು ಫೌಲ್‌ಗಳಾಗಿ ಹೊರಗೆ ಕುಳಿತರು. ಆ ತೀರ್ಪುಗಾರಿಕೆಯ ಬಗ್ಗೆ ಇಂದಿಗೂ ವಾದ ನಡೆಯುತ್ತಿದೆ. ಏಳನೆಯದು ಹೆಚ್ಚುವರಿ ಅವಧಿಯಲ್ಲಿ ಕೈತಪ್ಪಿತು. ಇಷ್ಟೆಲ್ಲ ಆದಮೇಲೂ ಸೋಲಿನ ಹೊರೆಯನ್ನು ಒಬ್ಬರು ತಟ್ಟಿದ ಚೆಂಡಿನ ಮೇಲೆ ಹೊರಿಸುವುದು ಅನ್ಯಾಯ.

ಚಂದ್ರಹಾಸ ಬರೆದರು:

ದಿವಾತ್ಸ್ ಅವರ ಪಾಸ್‌ಗಳನ್ನು ಮೆಚ್ಚುವವರು ಅವರು ಬೇಕೆಂದೇ ಬೀಳುತ್ತಿದ್ದುದನ್ನೂ ಒಪ್ಪಿಕೊಳ್ಳಬೇಕು. ಓನೀಲ್ ಭುಜ ತಾಗಿದೊಡನೆ ಕೈಗಳನ್ನು ಮೇಲೆತ್ತಿ ಹಿಂದಕ್ಕೆ ಬಿದ್ದು ತೀರ್ಪುಗಾರರಿಂದ ಫೌಲ್ ಪಡೆಯುವುದು ಅವರ ಆಟದ ಒಂದು ಭಾಗವೇ ಆಗಿತ್ತು. ಓನೀಲ್ ಅದನ್ನು ಬಹಿರಂಗವಾಗಿ ದೂರುತ್ತಿದ್ದರು. ಇಂಥ ನಟನೆಗೆ ಎನ್‌ಬಿಎ 2012ರಲ್ಲಿ ದಂಡ ವಿಧಿಸತೊಡಗಿದಾಗ ಅನೇಕರು ನೆನೆದದ್ದು ದಿವಾತ್ಸ್ ಅವರನ್ನೇ. ತನಗಿಂತ ಬಹಳ ಭಾರದ ಎದುರಾಳಿಯನ್ನು ತಡೆಯಲು ಬೇರೆ ದಾರಿ ಇರಲಿಲ್ಲ ಎಂಬ ಸಮರ್ಥನೆಯನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಒಲಾಜುವಾನ್ ಅಂಥವರು ಬೀಳದೆಯೇ ಎದುರಿಸಿದರು.

ನೀಲಾಂಬರಿ ಬರೆದರು:

ಚಂದ್ರಹಾಸ ಅವರೇ, ನಿಮ್ಮ ಆಕ್ಷೇಪ ಸರಿಯಾದದ್ದೇ. ಆದರೆ ಅದೇ ವ್ಯಕ್ತಿಗೆ ಎನ್‌ಬಿಎ 2000ದಲ್ಲಿ ಸಮಾಜಸೇವೆಗಾಗಿ ಜೆ. ವಾಲ್ಟರ್ ಕೆನಡಿ ಪ್ರಶಸ್ತಿ ನೀಡಿತು ಎಂಬುದನ್ನೂ ಸೇರಿಸಿ ಓದಬೇಕೆಂದು ಕೋರುತ್ತೇನೆ. ಯುದ್ಧದಿಂದ ನೆಲೆ ಕಳೆದುಕೊಂಡವರಿಗಾಗಿ ಅವರು ಆಟದ ದಿನಗಳಲ್ಲೇ ಕೆಲಸ ಆರಂಭಿಸಿದ್ದರು. ಆಮೇಲೆ ಪತ್ನಿಯೊಡನೆ ಕಟ್ಟಿದ ಪ್ರತಿಷ್ಠಾನವು ಸರ್ಬಿಯಾದ ನಿರಾಶ್ರಿತ ಶಿಬಿರಗಳಲ್ಲಿದ್ದ ಕುಟುಂಬಗಳಿಗೆ ಮನೆ ಒದಗಿಸುವ ಕೆಲಸಕ್ಕೆ ಇಳಿಯಿತು.

ಸಹ್ಯಾದ್ರಿ ಬರೆದರು:

ಆಡಳಿತಗಾರರಾಗಿ ಅವರ ಕೆಲಸವನ್ನು ನಾನು ಅಷ್ಟು ಮೃದುವಾಗಿ ನೋಡಲಾರೆ. 2015ರಿಂದ 2020ರವರೆಗೆ ಕಿಂಗ್ಸ್ ತಂಡದ ಆಟಗಾರರ ಆಯ್ಕೆ ಅವರ ಕೈಯಲ್ಲಿತ್ತು. ತಂಡದ ಮಾಲೀಕ ವಿವೇಕ್ ರಣದಿವೆ ಮುಂಬಯಿಯಲ್ಲಿ ಹುಟ್ಟಿದವರು. 2019ರ ಅಕ್ಟೋಬರ್ 4 ಮತ್ತು 5ರಂದು ಕಿಂಗ್ಸ್ ಮತ್ತು ಪೇಸರ್ಸ್ ಮುಂಬಯಿಯಲ್ಲೇ ಎರಡು ಪಂದ್ಯ ಆಡಿದ್ದನ್ನು ಇಲ್ಲಿನ ಅನೇಕರು ನೆನಪಿಟ್ಟಿರಬಹುದು. ಅದರ ಹಿಂದಿನ ವರ್ಷ ಎರಡನೆಯ ಆಯ್ಕೆ ಕೈಯಲ್ಲಿದ್ದಾಗ ದಿವಾತ್ಸ್ ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿದರು. 19 ವರ್ಷದ ಡೊಂಚಿಚ್ ಆಗಲೇ ಯುರೋಲೀಗ್‌ನ ಅತ್ಯುತ್ತಮ ಆಟಗಾರನೆನಿಸಿದ್ದರು. 2017ರ ಯುರೋಪಿಯನ್ ಫೈನಲ್‌ನಲ್ಲಿ ಸ್ಲೊವೇನಿಯಾ ಸರ್ಬಿಯಾವನ್ನೇ ಸೋಲಿಸಿದಾಗ ಆ ತಂಡದಲ್ಲಿದ್ದರು. ಚೆಂಡು ನಡೆಸಲು ಡಿಆರನ್ ಫಾಕ್ಸ್ ಇದ್ದುದರಿಂದ ಎತ್ತರದ ಆಟಗಾರ ಬೇಕಿತ್ತು ಎಂಬ ವಾದವಿದೆ. ಆದರೆ ಬಾಲ್ಕನ್ ಬ್ಯಾಸ್ಕೆಟ್‌ಬಾಲನ್ನು ಒಳಗಿನಿಂದ ಬಲ್ಲ ವ್ಯಕ್ತಿ ಡೊಂಚಿಚ್‌ನನ್ನು ಬಿಟ್ಟದ್ದನ್ನು ಬೇರೆ ಯಾರ ತಪ್ಪಿಗಿಂತಲೂ ಗಂಭೀರವಾಗಿಯೇ ಪರಿಗಣಿಸಬೇಕು.

ಅಂಕಣಪ್ರಿಯ ಬರೆದರು:

ಕೊನೆಯ ಮಾತನ್ನು ನಾನೂ ಒಪ್ಪುತ್ತೇನೆ. ಅದು ಆಡಳಿತಗಾರ ದಿವಾತ್ಸ್ ಅವರ ಲೆಕ್ಕಕ್ಕೆ ಸೇರಲಿ. ಆಟಗಾರ ದಿವಾತ್ಸ್ ಅವರ ಲೆಕ್ಕದಲ್ಲಿ ಯಾರೂ ಎತ್ತದ ಒಂದು ಪಂದ್ಯಾವಳಿ ಉಳಿದಿದೆ. ಹೋರಿಯ ಎಸೆತವಾಗಿ ಮೂರೂವರೆ ತಿಂಗಳೂ ಕಳೆದಿರಲಿಲ್ಲ, 34 ವರ್ಷದ ದಿವಾತ್ಸ್ ಇಂಡಿಯಾನಾಪೊಲಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆಡಲು ಬಂದರು. ತರಬೇತುದಾರ ಅದೇ ಬೊರ್ಮಿಯೋದ ಪೆಷಿಚ್. ಕ್ವಾರ್ಟರ್ ಫೈನಲ್‌ನಲ್ಲಿ ಎನ್‌ಬಿಎ ಆಟಗಾರರೇ ತುಂಬಿದ್ದ ಅಮೆರಿಕವನ್ನು ಅವರ ನೆಲದಲ್ಲೇ 81–78ರಿಂದ ಸೋಲಿಸಿದರು. ಫೈನಲ್‌ನಲ್ಲಿ ದೇಯಾನ್ ಬೊದಿರೋಗಾ ತಂಡವನ್ನು ಹೆಚ್ಚುವರಿ ಅವಧಿಯವರೆಗೆ ಎಳೆದು ತಂದರು, ಅರ್ಜೆಂಟೀನಾ ವಿರುದ್ಧ 84–77ರಿಂದ ಚಿನ್ನ ಬಂತು. ಸೋಲನ್ನು ಹೆಗಲ ಮೇಲೆ ಹೊತ್ತ ಬೇಸಿಗೆಯಲ್ಲಿ ವಿಶ್ರಾಂತಿ ಪಡೆಯದೆ ದೇಶಕ್ಕಾಗಿ ಆಡಲು ಬಂದದ್ದು ನನಗೆ ಅವರ ಬಗ್ಗೆ ಬಹಳಷ್ಟನ್ನು ಹೇಳುತ್ತದೆ. 2009ರಲ್ಲಿ ಕಿಂಗ್ಸ್ ಅವರ 21ನೇ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಮೀಸಲಿಟ್ಟಿತು. 2019ರಲ್ಲಿ ನೈಸ್ಮಿತ್ ಕೀರ್ತಿಭವನ ಅವರನ್ನು ಸೇರಿಸಿಕೊಂಡಿತು.

ಹೇಮಾವತಿ ಬರೆದರು:

ಶಾಲಾ ಬಾಲಕಿಯರ ತಂಡವೊಂದಕ್ಕೆ ತರಬೇತಿ ನೀಡುತ್ತಿರುವ ನನಗೆ ಈ ಚರ್ಚೆಯಿಂದ ಒಂದು ಪ್ರಯೋಜನ ಬೇಕಾಗಿದೆ. ನಮ್ಮ ತಂಡದ ಅತಿ ಎತ್ತರದ ಹುಡುಗಿಯನ್ನು ಎಲ್ಲರೂ ಬುಟ್ಟಿಯ ಕೆಳಗೇ ನಿಲ್ಲಿಸುತ್ತಾರೆ, ಅವಳಿಗೆ ಚೆಂಡು ಕೊಡುವುದು ಕಡಿಮೆ. ಅವಳಿಗೆ ದಿವಾತ್ಸ್ ಅವರ ಯಾವ ಕಾಲದ ಆಟವನ್ನು ತೋರಿಸಬೇಕು?

ದೂರದೂರಿನವ ಬರೆದರು:

ಹೇಮಾವತಿ ಮೇಡಂ, 2001ರಿಂದ 2004ರವರೆಗಿನ ಕಿಂಗ್ಸ್ ಪಂದ್ಯಗಳನ್ನು ತೋರಿಸಿ. ಮೊದಲ ಸಲ ನೋಡುವಾಗ ಚೆಂಡಿನ ಕಡೆ ನೋಡಬೇಡ, ಅವರ ಪಾದಗಳನ್ನು ನೋಡು ಎಂದು ಹೇಳಿ. ಚೆಂಡು ಕೈಗೆ ಬರುವ ಮುಂಚೆಯೇ ಅವರು ಮೈಯನ್ನು ಅರ್ಧ ತಿರುಗಿಸಿ, ಬುಟ್ಟಿಯನ್ನೂ ಜೊತೆಗಾರರನ್ನೂ ಒಟ್ಟಿಗೆ ಕಾಣುವಂತೆ ನಿಂತಿರುತ್ತಾರೆ. ಎರಡನೆಯ ಸಲ ಎಡಗೈಯನ್ನು ನೋಡಲಿ. ಆಮೇಲೆ ಅಭ್ಯಾಸದಲ್ಲಿ ಅವಳನ್ನು ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ನಿಲ್ಲಿಸಿ, ಉಳಿದ ನಾಲ್ವರೂ ಅವಳಿಗೆ ಚೆಂಡು ಕೊಟ್ಟ ಕೂಡಲೇ ಓಡಬೇಕು ಎಂಬ ನಿಯಮ ಮಾಡಿ. ಓಡುವವರು ಇಲ್ಲದಿದ್ದರೆ ದಿವಾತ್ಸ್ ಸಹ ಪಾಸ್ ಕೊಡಲಾರರು.